ನೆರೆಹೊರೆಯ ವಾಟ್ಸಾಪ್ ಗುಂಪು: ಅದರ ಉಪಯೋಗ, ಅದರ ಅಪಾಯ

ನಮ್ಮ ವಾಚನಾಲಯದ ಮೇಜಿನ ಮೇಲೆ ದಿನಪತ್ರಿಕೆಗಳು ಹರಡಿರುತ್ತವೆ. ಸಂಜೆ ಏಳರ ಮೇಲೆ ಕೆಲಸ ಮುಗಿಸಿ ಬಂದವರು ಬಾಗಿಲಲ್ಲಿ ಚಪ್ಪಲಿ ಕಳಚಿ, ಫ್ಯಾನಿನ ಕೆಳಗೆ ಕುಳಿತು, ಪತ್ರಿಕೆಗೆ ಕೈ ಚಾಚುವ ಮುನ್ನ ಕಿಸೆಯಿಂದ ಫೋನನ್ನು ತೆಗೆದು ಒಮ್ಮೆ ನೋಡುತ್ತಾರೆ. ಇದನ್ನು ದೂರೆಂದು ಹೇಳುತ್ತಿಲ್ಲ. ವಾಚನಾಲಯ ನಡೆಸುವ ನಾವೂ ಹಾಗೆಯೇ ಮಾಡುತ್ತೇವೆ. ನೋಡುವುದಾದರೂ ಏನನ್ನು? ಬಹುಮಟ್ಟಿಗೆ ಗುಂಪಿನ ಸಂದೇಶಗಳನ್ನು. ಬಿಲ್ಡಿಂಗಿನ ಗುಂಪು ಒಂದು, ಆ ಬಿಲ್ಡಿಂಗಿನ ನಮ್ಮ ವಿಂಗಿನದು ಇನ್ನೊಂದು, ಊರಿನವರದು ಮತ್ತೊಂದು, ಬೆಳಗಿನ ಲೋಕಲಿನಲ್ಲಿ ಒಂದೇ ಡಬ್ಬಿಯಲ್ಲಿ ನಿಲ್ಲುವವರದು ಬೇರೆ. ಹೋಟೆಲಿನ ಹುಡುಗನಿಂದ ಹಿಡಿದು ಬ್ಯಾಂಕಿನ ಗುಮಾಸ್ತರವರೆಗೆ ಇಂಥ ನಾಲ್ಕೈದು ಗುಂಪುಗಳಲ್ಲಿ ಇಲ್ಲದವರು ಕಾಂದಿವಲಿಯಲ್ಲಿ ಸಿಗುವುದು ಕಷ್ಟ. ಇದರಿಂದ ನಮಗೆ ಆಗುತ್ತಿರುವ ಲಾಭವೇನು, ಹಾನಿಯೇನು ಎಂಬುದನ್ನು ಈ ಸಂಚಿಕೆಯಲ್ಲಿ ಸ್ವಲ್ಪ ವಿಚಾರಿಸೋಣ.

ನೆರೆಹೊರೆಯ ಸುದ್ದಿಜಾಲ ಎಂಬುದು ಹೊಸದೇನೂ ಅಲ್ಲ. ಚಾಳಿನಲ್ಲಿ ಬಾಳಿದವರಿಗೆ ಅದರ ಗ್ಯಾಲರಿ ಎಂದರೆ ಏನೆಂದು ತಿಳಿದೇ ಇದೆ. ಒಂದು ಖೋಲಿಯಲ್ಲಿ ಮಗುವಿಗೆ ಜ್ವರ ಬಂದರೆ ಹತ್ತು ನಿಮಿಷದಲ್ಲಿ ಕೊನೆಯ ಖೋಲಿಗೆ ಸುದ್ದಿ ಮುಟ್ಟುತ್ತಿತ್ತು. ಅಲ್ಲಿಂದ ಕಷಾಯವೂ ಬರುತ್ತಿತ್ತು, ಪುಕ್ಕಟೆ ಸಲಹೆಯೂ ಬರುತ್ತಿತ್ತು. ವಿಶ್ವಬ್ಯಾಂಕಿನ ನೆರವಿನಿಂದ 1985ರಲ್ಲಿ ಆರಂಭವಾದ ಯೋಜನೆಯಲ್ಲಿ ಚಾರಕೋಪದ ನಿವೇಶನಗಳನ್ನು ಹಂಚಿದಾಗ ನಡುವೆ ಒಂದು ಅಂಗಳ ಬಿಟ್ಟು ಸುತ್ತಲೂ ಚಿಕ್ಕ ಮನೆಗಳು ಬರುವಂತೆ ಮಾಡಿದ್ದರು. ಆ ಅಂಗಳವೇ ಅಲ್ಲಿನವರ ಸಭಾಗೃಹವಾಯಿತು. ಈಗ ಠಾಕೂರ್ ವಿಲೇಜ್, ಮಹಾವೀರ ನಗರ, ಲೋಖಂಡವಾಲಾ ಟೌನ್‌ಶಿಪ್ ಎಂದು ಎಲ್ಲಿ ನೋಡಿದರೂ ಇಪ್ಪತ್ತು ಮೂವತ್ತು ಮಾಳಿಗೆಯ ಕಟ್ಟಡಗಳು. ಬಾಗಿಲು ಮುಚ್ಚಿದರೆ ಎದುರು ಮನೆಯವರ ಹೆಸರೂ ತಿಳಿಯದು. ಗ್ಯಾಲರಿ ಹೋದ ಜಾಗಕ್ಕೆ ಈ ಗುಂಪು ಬಂದು ಕುಳಿತಿದೆ. ಆದರೆ ಒಂದು ಭೇದವನ್ನು ಮೊದಲೇ ಹೇಳಿಬಿಡುತ್ತೇವೆ: ಗ್ಯಾಲರಿಯಲ್ಲಿ ಮಾತಾಡಿದವರ ಮುಖ ಕಾಣುತ್ತಿತ್ತು, ಮತ್ತು ಆಡಿದ ಮಾತು ಆ ಚಾಳಿನ ಮೆಟ್ಟಿಲು ಇಳಿಯುವಷ್ಟರಲ್ಲಿ ಅರ್ಧ ಸವೆದುಹೋಗುತ್ತಿತ್ತು.

ವಾಟ್ಸಾಪ್ ಹುಟ್ಟಿದ್ದು 2009ರಲ್ಲಿ. 2014ರಲ್ಲಿ ಅದನ್ನು ಫೇಸ್‌ಬುಕ್ ಕಂಪೆನಿ ಕೊಂಡುಕೊಂಡಿತು. ಒಂದು ಗುಂಪಿನಲ್ಲಿ 2016ರಿಂದ 256 ಮಂದಿ ಇರಬಹುದಾಗಿತ್ತು; 2022ರಲ್ಲಿ ಅದು ಮೊದಲು 512ಕ್ಕೆ, ಅದೇ ವರ್ಷದ ಕೊನೆಗೆ 1024ಕ್ಕೆ ಏರಿತು. ಅಂದರೆ ಒಂದು ಸಾಧಾರಣ ಹಳ್ಳಿಯ ವಯಸ್ಕರೆಲ್ಲ ಒಂದೇ ಗುಂಪಿನಲ್ಲಿ ಹಿಡಿಯುತ್ತಾರೆ. ಗುಂಪನ್ನು ಕಟ್ಟಿದವರಿಗೆ ಅಡ್ಮಿನ್ ಎಂದು ಹೆಸರು. ಸದಸ್ಯರನ್ನು ಸೇರಿಸುವುದು, ತೆಗೆಯುವುದು ಅವರ ಕೈಯಲ್ಲಿ. ಬಹಳ ಕಡೆ ಸೊಸೈಟಿಯ ಸೆಕ್ರೆಟರಿಯೇ ಅಡ್ಮಿನ್. ಇಷ್ಟು ತಿಳಿದರೆ ನಮ್ಮ ವಿಷಯಕ್ಕೆ ಸಾಕು.

ಮೊದಲು ಉಪಯೋಗವನ್ನು ನೋಡೋಣ. ಇದನ್ನು ಅಲ್ಲಗಳೆಯುವವರು ಮಳೆಗಾಲದಲ್ಲಿ ಮುಂಬಯಿಯಲ್ಲಿ ಇದ್ದವರಲ್ಲ.

2005ರ ಜುಲೈ 26ರಂದು ಸಾಂತಾಕ್ರೂಜಿನ ಹವಾಮಾನ ಕೇಂದ್ರದಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಲೋಕಲ್ ಗಾಡಿಗಳು ಹಳಿಯ ಮೇಲೆಯೇ ನಿಂತವು. ಕಾಂದಿವಲಿಯಲ್ಲಿ ಪೊಯ್ಸರ ನದಿ ದಂಡೆ ಮೀರಿತು. ನದಿ ಎಂದರೆ ನಗುವವರುಂಟು, ಬೇಸಿಗೆಯಲ್ಲಿ ಅದು ನಾಲೆಯೇ ಸರಿ. ಆ ದಿನ ಫೋರ್ಟಿನಿಂದ, ಅಂಧೇರಿಯಿಂದ ನಡೆದೇ ಹೊರಟವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಯಾವ ದಾರಿಯಲ್ಲಿ ಎದೆಯುದ್ದ ನೀರಿದೆ, ಯಾವ ಶಾಲೆಯಲ್ಲಿ ತಂಗಬಹುದು ಎಂದು ಹೇಳುವವರಿರಲಿಲ್ಲ. ಮೊಬೈಲ್ ಇದ್ದವರದೂ ಸಂಪರ್ಕ ಕಡಿದಿತ್ತು. ಮನೆಯವರು ಮರುದಿನ ಮಧ್ಯಾಹ್ನದವರೆಗೂ ಬಾಗಿಲಲ್ಲೇ ನಿಂತಿದ್ದರು. ಈಗ ಅಂಥ ಮಳೆ ಬಂದರೆ, ಸಂಪರ್ಕ ಉಳಿದಿರುವಷ್ಟು ಹೊತ್ತಾದರೂ, ಸಬ್‌ವೇಯಲ್ಲಿ ನೀರು ನಿಂತದ್ದು, ಮಲಾಡಿನ ಬಳಿ ಗಾಡಿ ನಿಂತದ್ದು ಗುಂಪಿಗೆ ಆ ಕ್ಷಣದಲ್ಲೇ ಬರುತ್ತದೆ. ಎಮ್-ಇಂಡಿಕೇಟರ್ ಎಂಬ ಆ್ಯಪ್‌ನಲ್ಲಿ ಗಾಡಿಯ ವೇಳಾಪಟ್ಟಿಯ ಜೊತೆಗೆ ಪ್ರಯಾಣಿಕರೇ ಪರಸ್ಪರ ಬರೆದುಕೊಳ್ಳುವ ಏರ್ಪಾಡೂ ಇದೆ. ‘ಗಾಡಿ ಹತ್ತು ನಿಮಿಷ ತಡ’ ಎಂದು ದಹಿಸರಿನಲ್ಲಿ ನಿಂತವನು ಬರೆದರೆ ಕಾಂದಿವಲಿಯಲ್ಲಿದ್ದವನು ಇನ್ನೊಂದು ಲೋಟ ಚಹಾ ಕುಡಿದು ಹೊರಡಬಹುದು. ಹಾಜರಿ ಪುಸ್ತಕದ ಕೆಂಪು ಗೆರೆಯ ಭಯವಿರುವ ಗುಮಾಸ್ತರಿಗೆ ಇದು ಸಣ್ಣ ಮಾತಲ್ಲ.

ಖೋಲಿ ಹುಡುಕುವುದು, ಕೆಲಸ ಹುಡುಕುವುದು, ರಕ್ತ ಬೇಕೆಂದರೆ ದಾನಿಯನ್ನು ಹುಡುಕುವುದು, ಊರಿಗೆ ಹೊರಟವರ ಕೈಯಲ್ಲಿ ಔಷಧಿ ಕಳಿಸುವುದು, ಇವೆಲ್ಲ ಎಲ್ಲರಿಗೂ ಗೊತ್ತಿರುವುದೇ, ಬೆಳೆಸುವುದಿಲ್ಲ. ಆದರೆ ಲಾಕ್‌ಡೌನಿನ ದಿನಗಳ ಮಾತನ್ನು ಹೇಳದೆ ಮುಂದೆ ಹೋಗಲಾಗದು. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿತು. ಹೋಟೆಲುಗಳು ಮುಚ್ಚಿದವು, ಹೋಟೆಲಿನಲ್ಲಿಯೇ ಉಂಡು ಮಲಗುತ್ತಿದ್ದ ನಮ್ಮ ಹುಡುಗರಿಗೆ ಅನ್ನವೂ ಇಲ್ಲ, ನೆಲೆಯೂ ಇಲ್ಲ ಎನ್ನುವಂತಾಯಿತು. ಊರಿಗೆ ಹೋಗೋಣವೆಂದರೆ ಕರ್ನಾಟಕ ಸರಕಾರದ ಸೇವಾ ಸಿಂಧು ಎಂಬಲ್ಲಿ ಅರ್ಜಿ ಹಾಕಿ ಪಾಸು ಪಡೆಯಬೇಕು. ಅರ್ಜಿ ಹಾಕಲು ಫೋನಿನಲ್ಲಿ ನೆಟ್ ಬೇಕು, ಅದನ್ನು ತುಂಬಲು ತಿಳಿದವರು ಬೇಕು. ಎಲ್ಲಾ ತುಂಬಿದ ಮೇಲೆ ಮೇ 18ರಂದು ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಕರ್ನಾಟಕವೇ ಸಾರಿತು. ನಿಪ್ಪಾಣಿಯ ಹತ್ತಿರದ ಕೊಗನೊಳ್ಳಿ ತಪಾಸಣೆ ನಾಕೆಯಿಂದ ಈಚೆಗೆ ನಮ್ಮವರು, ಆಚೆಗೆ ನಮ್ಮ ಮನೆ. ಆ ದಿನಗಳಲ್ಲಿ ಯಾವ ಖೋಲಿಯಲ್ಲಿ ಎಷ್ಟು ಮಂದಿ ಇದ್ದಾರೆ, ಅಕ್ಕಿ ಯಾರ ಮನೆಯಿಂದ ಬರುತ್ತದೆ, ಅರ್ಜಿ ಯಾರು ತುಂಬಿಕೊಡುತ್ತಾರೆ ಎಂಬುದೆಲ್ಲ ನಡೆದದ್ದು ಗುಂಪಿನ ಮೂಲಕವೇ. ಹೆಸರು ಗೊತ್ತಿಲ್ಲದ ಗುಜರಾತಿ ನೆರೆಯವರೊಬ್ಬರು ‘ಸಿ ವಿಂಗಿನ ಕೆಳಗೆ ಆರು ಮಂದಿ ಸೌತ್‌ನವರು ಇದ್ದಾರೆ, ಊಟಕ್ಕೇನು?’ ಎಂದು ಬರೆದದ್ದನ್ನು ನಾವು ಇನ್ನೂ ಮರೆತಿಲ್ಲ.

ಅದೇ ದಿನಗಳಲ್ಲಿ ಅದೇ ಗುಂಪುಗಳು ಕೆಟ್ಟದ್ದನ್ನೂ ಮಾಡಿದವು. ‘ನಾಳೆ ಬೆಳಿಗ್ಗೆ ಮಂಗಳೂರಿಗೆ ಬಸ್ಸು ಹೊರಡುತ್ತದೆ, ಹೆದ್ದಾರಿಯ ನಾಕೆಗೆ ಬನ್ನಿ’ ಎಂಬ ಸಂದೇಶವನ್ನು ನಂಬಿ ಗಂಟುಮೂಟೆಯೊಂದಿಗೆ ನಡೆದುಹೋಗಿ, ಪೊಲೀಸರ ಲಾಠಿಗೆ ಹೆದರಿ ಮರಳಿದವರು ನಮ್ಮ ಪೈಕಿಯೇ ಇದ್ದಾರೆ. ಬಾಂದ್ರಾದಲ್ಲಿ ನಡೆದದ್ದು ಇದಕ್ಕಿಂತ ದೊಡ್ಡದು. 2020ರ ಏಪ್ರಿಲ್ 14, ಲಾಕ್‌ಡೌನ್ ಮುಂದುವರಿಯುತ್ತದೆಂದು ಸಾರಿದ ದಿನ, ಊರಿಗೆ ರೈಲು ಬಿಡುತ್ತಾರೆಂಬ ಸುದ್ದಿಗೆ ಸಾವಿರಕ್ಕೂ ಹೆಚ್ಚು ಕೂಲಿಕಾರರು ನಿಲ್ದಾಣದ ಬಳಿ ಕೂಡಿದರು. ರೈಲಿರಲಿಲ್ಲ. ಕೊನೆಗೆ ಲಾಠಿ ಬೀಸಿ ಜನರನ್ನು ಚದುರಿಸಿದರು. ಶ್ರಮಿಕರ ವಿಶೇಷ ರೈಲುಗಳು ಹೊರಟದ್ದು ಮೇ 1ರಿಂದ.

ಗಾಳಿಸುದ್ದಿಗೆ ಫೋನೇ ಬೇಕೆಂದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 2005ರ ಆ ಮಳೆಯ ಎರಡು ದಿನದ ಮೇಲೆ, ಜುಲೈ 28ರ ರಾತ್ರಿ, ಜುಹುವಿನ ನೆಹರು ನಗರದಲ್ಲಿ ಅಣೆಕಟ್ಟು ಒಡೆದಿದೆ, ಸುನಾಮಿ ಬರುತ್ತಿದೆ ಎಂಬ ಕೂಗೆದ್ದು ಕಾಲ್ತುಳಿತವಾಯಿತು. ಹದಿನೈದಕ್ಕೂ ಹೆಚ್ಚು ಮಂದಿ ಸತ್ತರು. ಅಂದು ವಾಟ್ಸಾಪ್ ಹುಟ್ಟಿಯೇ ಇರಲಿಲ್ಲ. 2012ರ ಆಗಸ್ಟಿನಲ್ಲಿ ಬೆಂಗಳೂರಿನಿಂದ ಈಶಾನ್ಯ ರಾಜ್ಯಗಳ ಜನ ಸಾವಿರಾರು ಸಂಖ್ಯೆಯಲ್ಲಿ ಗುವಾಹಾಟಿಯ ರೈಲು ಹತ್ತಿ ಓಡಿದರು. ಅವರನ್ನು ಓಡಿಸಿದ್ದು ಬರೀ ಎಸ್ಸೆಮ್ಮೆಸ್ಸು ಮತ್ತು ಬಾಯಿಮಾತು. ಆಗ ಕೇಂದ್ರ ಸರಕಾರ ಹದಿನೈದು ದಿನ ಒಟ್ಟಾಗಿ ಎಸ್ಸೆಮ್ಮೆಸ್ ಕಳಿಸುವುದಕ್ಕೆ ಮಿತಿ ಹಾಕಿ, ದಿನಕ್ಕೆ ಐದೇ ಎಂದು ವಿಧಿಸಿತು. ಅವರು ಕೂಡ ನಮ್ಮಂತೆಯೇ ಪರಊರಿನಲ್ಲಿ ಹೋಟೆಲಿನಲ್ಲಿ, ಕಾವಲಿನಲ್ಲಿ ದುಡಿಯುತ್ತಿದ್ದವರು. ಪರಊರಿನವನಿಗೆ ಗಾಳಿಸುದ್ದಿ ಬೇಗ ತಟ್ಟುತ್ತದೆ. ಏಕೆಂದರೆ ಅದು ಸುಳ್ಳೆಂದು ಹೇಳಬಲ್ಲ ಹಳೆಯ ಪರಿಚಯದವರು ಅವನಿಗೆ ಅಕ್ಕಪಕ್ಕದಲ್ಲಿ ಕಡಿಮೆ.

ಹಾಗಾದರೆ ಹೊಸದೇನು? ವೇಗ ಹೊಸದು, ಚಿತ್ರ ಹೊಸದು. 2018ರ ಬೇಸಿಗೆಯಿಂದ ಮಳೆಗಾಲದವರೆಗೆ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶ ದೇಶದ ಅನೇಕ ಕಡೆ ಹರಡಿತು. ಜುಲೈ 1ರಂದು ನಮ್ಮ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನಪಾಡಾ ಎಂಬ ಹಳ್ಳಿಯ ಸಂತೆಯಲ್ಲಿ ಐವರನ್ನು ಜನ ಹೊಡೆದು ಕೊಂದರು. ಅವರು ಸೋಲಾಪುರದ ಕಡೆಯಿಂದ ಬಂದ ಅಲೆಮಾರಿ ಭಿಕ್ಷುಕರು. ಹದಿಮೂರು ದಿನ ಕಳೆಯುವುದರೊಳಗೆ ನಮ್ಮ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಗೆಳೆಯನ ಊರಿಗೆ ಬಂದಿದ್ದ ತರುಣರ ಮೇಲೆ ಜನ ಮುಗಿಬಿದ್ದರು, ಒಬ್ಬ ಸತ್ತ. ಅವರು ಮಾಡಿದ್ದು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟದ್ದು. ಅದರ ವಿಡಿಯೋ ಅವರ ಕಾರಿಗಿಂತ ಮುಂಚೆ ಮುಂದಿನ ಹಳ್ಳಿಯನ್ನು ಮುಟ್ಟಿತ್ತು. ಗುಂಪಿನ ಸಂದೇಶ ಮನುಷ್ಯನನ್ನು ಹಿಂದಿಕ್ಕಿ ಓಡಿ, ಅವನು ಬರುವ ಊರಿನಲ್ಲಿ ಜನರನ್ನು ಸಜ್ಜುಗೊಳಿಸಿ ನಿಲ್ಲಿಸಬಲ್ಲದು. ಹಿಂದಿನ ಗಾಳಿಸುದ್ದಿಗೆ ಈ ಶಕ್ತಿಯಿರಲಿಲ್ಲ.

ಇದಾದ ಮೇಲೆ ಆ ತಿಂಗಳಲ್ಲೇ ಕಂಪೆನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ದಾಟಿಸಲಾಗದಂತೆ ಮಾಡಿತು. 2019ರ ಜನವರಿಯಲ್ಲಿ ಇದೇ ನಿಯಮ ಜಗತ್ತಿಗೆಲ್ಲ ಬಂತು. 2020ರ ಏಪ್ರಿಲಿನಿಂದ, ಬಹಳ ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದು. ಇದರಿಂದ ಅಂಥ ಸಂದೇಶಗಳ ಓಡಾಟ 70 ಪ್ರತಿಶತ ಇಳಿಯಿತೆಂದು ಕಂಪೆನಿ ಹೇಳಿಕೊಂಡಿತು. ಸಂದೇಶದ ಮೇಲೆ ಎರಡು ಬಾಣದ ಗುರುತು ಕಂಡರೆ ಅದು ಐದು ಕೈಗಿಂತ ಕಡಿಮೆಯಿಲ್ಲದಷ್ಟು ದಾಟಿ ಬಂದಿದೆ ಎಂದು ಅರ್ಥ. ಕಳಿಸಿದ ನಿಮ್ಮ ಭಾವನವರಿಗೆ ಅದರ ಬುಡ ಗೊತ್ತಿಲ್ಲ. ಅವರಿಗೆ ಕಳಿಸಿದವರಿಗೂ ಗೊತ್ತಿಲ್ಲ.

ಇನ್ನು ನಮ್ಮ ಮನೆಯ ಮಾತಿಗೆ ಬರುತ್ತೇವೆ. ಇದನ್ನು ಬರೆಯಲು ನಮಗೆ ಸಂತೋಷವಿಲ್ಲ.

ಬೈಂದೂರು ಕಡೆಯ ಒಬ್ಬ ಹುಡುಗ ಇಲ್ಲಿ ಊಟದ ಡಬ್ಬಿ ಮುಟ್ಟಿಸುವ ಕೆಲಸದಲ್ಲಿದ್ದ. ವಾಚನಾಲಯಕ್ಕೆ ವಾರಕ್ಕೆರಡು ಸಲ ಬಂದು ಪತ್ರಿಕೆಯ ಆಟದ ಪುಟ ಓದಿ ಹೋಗುತ್ತಿದ್ದವನು. ಒಂದು ಮಧ್ಯಾಹ್ನ ಊರಿನಿಂದ ಬಸ್ಸಿನಲ್ಲಿ ಬಂದ ಹಪ್ಪಳ, ಉಪ್ಪಿನಕಾಯಿಯ ಡಬ್ಬವನ್ನು ದೊಡ್ಡಮ್ಮನ ಮನೆಗೆ ಕೊಡಲು ಒಂದು ದೊಡ್ಡ ಬಿಲ್ಡಿಂಗಿಗೆ ಹೋದ. ವಿಂಗು ತಪ್ಪಿತು. ಎ ವಿಂಗಿನ ಮೂರು ಮಾಳಿಗೆಗಳಲ್ಲಿ ಮೂರು ಬಾಗಿಲುಗಳ ಗಂಟೆ ಒತ್ತಿದ, ಯಾರೂ ತೆರೆಯಲಿಲ್ಲ, ಫೋನಿನಲ್ಲಿ ನಂಬರು ನೋಡುತ್ತ ಅಲ್ಲೇ ಸ್ವಲ್ಪ ಹೊತ್ತು ನಿಂತ. ಅಷ್ಟನ್ನು ಕ್ಯಾಮೆರಾ ನೋಡಿತು. ಸಂಜೆಗೆ ಅವನ ಚಿತ್ರ ಆ ಬಿಲ್ಡಿಂಗಿನ ಗುಂಪಿನಲ್ಲಿ ‘ಇವನನ್ನು ಬಲ್ಲಿರಾ? ಎಚ್ಚರಿಕೆ’ ಎಂದು ಬಂತು. ರಾತ್ರಿ ಎಂಟಕ್ಕೆ ಪಕ್ಕದ ಬಿಲ್ಡಿಂಗಿನ ಗುಂಪಿನಲ್ಲಿ ಅದು ‘ಮನೆ ಹೊಂಚು ನೋಡುವ ತಂಡ’ವಾಗಿತ್ತು. ಒಂಬತ್ತೂವರೆಗೆ ನಮ್ಮ ಕನ್ನಡದವರ ಗುಂಪಿಗೆ ಬಂತು. ಹೆಣ್ಣುಮಕ್ಕಳು ಒಬ್ಬರೇ ಇರುವ ಮನೆಗಳಿವೆ, ತಿಳಿಸುವುದು ಧರ್ಮವೆಂದು ಭಾವಿಸಿ ನಮ್ಮ ಪೈಕಿ ಒಬ್ಬರು ಅದನ್ನು ಇನ್ನೆರಡು ಗುಂಪುಗಳಿಗೆ ದಾಟಿಸಿದರು. ಮುಖವನ್ನು ದೊಡ್ಡದು ಮಾಡಿ ನೋಡಲಿಲ್ಲ. ನೋಡಿದ್ದರೆ ಗುರುತು ಹತ್ತುತ್ತಿತ್ತು.

ಮರುದಿನ ಸಂಜೆ ಹುಡುಗ ವಾಚನಾಲಯಕ್ಕೆ ಬಂದ. ಫೋನನ್ನು ಮೇಜಿನ ಮೇಲಿಟ್ಟು, “ಅಣ್ಣಾ, ಇದ್ ನಾನೇ ಅಲ್ದಾ?” ಎಂದ. ಸಿಟ್ಟು ಇರಲಿಲ್ಲ, ನಿಜವಾಗಿ ಕೇಳುತ್ತಿದ್ದ.

ನಾವಿಬ್ಬರು ಅವನನ್ನು ಕರೆದುಕೊಂಡು ಆ ಸೊಸೈಟಿಗೆ ಹೋದೆವು. ದೊಡ್ಡಮ್ಮನೂ ಇಳಿದು ಬಂದರು. ಸೆಕ್ರೆಟರಿ ಸಜ್ಜನರೇ; ಚಹಾ ತರಿಸಿದರು, ಕೈ ಹಿಡಿದು ಮಾತಾಡಿದರು, ಚಿತ್ರವನ್ನು ತಮ್ಮ ಗುಂಪಿನಿಂದ ಅಳಿಸಿದರು. ಆದರೆ ‘ಈತ ನಿರಪರಾಧಿ, ನಮ್ಮಿಂದ ತಪ್ಪಾಯಿತು’ ಎಂದು ಬರೆಯಲು ಒಪ್ಪಲಿಲ್ಲ. ‘ಗೊಂದಲ ಪರಿಹಾರವಾಗಿದೆ’ ಎಂದು ಬರೆದರು. ಉಳಿದ ಗುಂಪುಗಳನ್ನು ನಾವು ಹಿಂಬಾಲಿಸಿ ಹೋದೆವು. ನಾಲ್ಕನೆಯದರ ಆಚೆಗೆ ದಾರಿ ತಪ್ಪಿತು. ಹುಡುಗನ ಮಾಲಕರು, ಗಿರಾಕಿಗಳು ಕೇಳುತ್ತಾರೆಂದು, ಅವನನ್ನು ಡಬ್ಬಿ ಮುಟ್ಟಿಸುವುದರಿಂದ ತೆಗೆದು ಪಾತ್ರೆ ತೊಳೆಯಲು ಹಾಕಿದರು. ಹಬ್ಬಕ್ಕೆ ಸಿಗುತ್ತಿದ್ದ ಬಕ್ಷೀಸು ಹೋಯಿತು. ಐದು ತಿಂಗಳ ಮೇಲೆ ಅದೇ ಚಿತ್ರ ವಿರಾರಿನ ಕಡೆಯಿಂದ, ಎರಡು ಬಾಣ ಹೊತ್ತು, ಮಕ್ಕಳನ್ನು ಕದಿಯುವವನ ಚಿತ್ರವಾಗಿ ನಮಗೆ ತಿರುಗಿ ಬಂತು. ರಾಯಿನಪಾಡಾದ ಸಂಗತಿಯನ್ನು ಪತ್ರಿಕೆಯಲ್ಲಿ ಓದಿ ‘ಅಯ್ಯೋ’ ಎಂದವರೇ ನಾವು. ಆ ರಾತ್ರಿ ಅದು ಬೇರೆ ಯಾರದೋ ಹಳ್ಳಿಯ ಮಾತಾಗಿ ಉಳಿಯಲಿಲ್ಲ.

ಅಪರಿಚಿತನನ್ನು ಕಂಡೊಡನೆ ಸಂಶಯಪಡುವ ಈ ರೋಗ ನಮ್ಮ ದೇಶಕ್ಕೇ ಮೀಸಲಲ್ಲ. ಅಮೆರಿಕದಲ್ಲಿ ನೆಕ್ಸ್ಟ್‌ಡೋರ್ ಎಂಬುದೊಂದಿದೆ. 2011ರಲ್ಲಿ ಸಾರ್ವಜನಿಕವಾಗಿ ತೆರೆದದ್ದು, ಒಂದು ಕೇರಿಯವರು ಮಾತ್ರ ವಿಳಾಸ ಖಚಿತಪಡಿಸಿ ಸೇರುವ ಜಾಲ. 2015ರಲ್ಲಿ ಓಕ್‌ಲ್ಯಾಂಡ್ ಪಟ್ಟಣದಲ್ಲಿ ಅದರ ಮೇಲೆ ಗದ್ದಲವೆದ್ದಿತು. ಬಾಗಿಲು ತಟ್ಟಿದ, ಕಾರಿನಲ್ಲಿ ಕುಳಿತ, ನಾಯಿ ಹಿಡಿದು ನಡೆದ ಕರಿಯ ಜನರನ್ನೆಲ್ಲ ‘ಸಂಶಯಾಸ್ಪದ’ ಎಂದು ನೆರೆಯವರು ಬರೆಯುತ್ತಿದ್ದಾರೆಂಬುದು ದೂರು. 2016ರಲ್ಲಿ ಕಂಪೆನಿ ಒಂದು ಉಪಾಯ ಮಾಡಿತು. ಯಾರ ಮೇಲಾದರೂ ದೂರು ಬರೆಯುವವರು ಬರೀ ಬಣ್ಣ ಹೇಳಿದರೆ ಸಾಲದು. ಆ ಮನುಷ್ಯ ಮಾಡಿದ ಕೆಲಸವೇನು, ಉಟ್ಟ ಬಟ್ಟೆ, ಮೆಟ್ಟಿದ ಬೂಟು ಎಂಥದು ಎಂದು ತುಂಬಲೇಬೇಕು, ಇಲ್ಲವಾದರೆ ಬರಹ ಮುಂದೆ ಹೋಗದು. ಬಣ್ಣ ನೋಡಿ ಬರೆಯುವುದು ಮುಕ್ಕಾಲು ಪಾಲು ಇಳಿಯಿತೆಂದು ಕಂಪೆನಿಯ ಹೇಳಿಕೆ. ಲೆಕ್ಕ ಅವರದು, ಆದರೆ ಉಪಾಯದಲ್ಲಿ ಹುರುಳಿದೆ. ನಮ್ಮ ಹುಡುಗನ ವಿಷಯದಲ್ಲಿ ‘ಮಾಡಿದ ಕೆಲಸವೇನು?’ ಎಂದು ಒಬ್ಬರು ಕೇಳಿದ್ದರೆ ಉತ್ತರ, ‘ಗಂಟೆ ಒತ್ತಿದ’ ಎಂಬಷ್ಟೇ.

ವಾಚಕರಲ್ಲಿ ಗುಂಪಿನ ಒಳಗಿರುವವರೂ ಇದ್ದಾರೆ, ಗೇಟಿನ ಹೊರಗೆ ನಿಲ್ಲುವವರೂ ಇದ್ದಾರೆ. 2016ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಗೇಟ್‌ನಂಥ ಆ್ಯಪ್‌ಗಳು ಈಗ ಇಲ್ಲಿನ ಗೇಟುಗಳಿಗೂ ಬಂದಿವೆ. ಮನೆಗೆಲಸದ ಬಾಯಿ, ಹಾಲಿನವನು, ಇಸ್ತ್ರಿಯವನು, ಕೊರಿಯರ್ ಹುಡುಗ ಎಷ್ಟು ಗಂಟೆಗೆ ಒಳಗೆ ಬಂದರು, ಎಷ್ಟಕ್ಕೆ ಹೊರಗೆ ಹೋದರು ಎಂಬುದು ಅದರಲ್ಲಿ ಬೀಳುತ್ತದೆ. ಮನೆಯವರಿಗೆ ಇದು ನೆಮ್ಮದಿ, ಅಲ್ಲವೆನ್ನಲಾಗದು. ಆದರೆ ಇಂಥ ಕಡೆಗಳಲ್ಲಿ ಮನೆಗೆಲಸದವರಿಗೆ ಪರೀಕ್ಷೆಯ ಅಂಕದಂತೆ ನಕ್ಷತ್ರ ಕೊಡುವ ಪದ್ಧತಿಯೂ ಉಂಟು. ಸಂಬಳ ಕೇಳಿದ್ದಕ್ಕೆ ಸಿಟ್ಟಾದ ಒಂದು ಮನೆಯವರು ಒಂದೇ ನಕ್ಷತ್ರ ಕೊಟ್ಟರೆ ಉಳಿದ ಮನೆಯವರಿಗೆ ಅದು ಕಾಣುತ್ತದೆ. ಮನೆಯವರಿಗೆ ತಿರುಗಿ ನಕ್ಷತ್ರ ಕೊಡಲು ಆ ಬಾಯಿಗೆ ಜಾಗವಿಲ್ಲ. ನಮ್ಮ ಹೆಂಗಸರೂ ಎಷ್ಟೋ ಮಂದಿ ಈ ಕೆಲಸದಲ್ಲಿದ್ದಾರೆ. ಒಳಗಿರುವ ನಾವು ಬರೆಯುವಾಗ ಇದು ನೆನಪಿರಲಿ.

ಮೇಲೆ ಹೇಳಿದ್ದನ್ನು ಓದಿ ‘ಹಾಗಾದರೆ ಗುಂಪನ್ನು ಬಿಟ್ಟುಬಿಡುವುದೇ ಮೇಲು’ ಎನ್ನುವವರಿಗೆ ಕಾಂದಿವಲಿಯದೇ ಇನ್ನೊಂದು ಸಂಗತಿ ಹೇಳಬೇಕು. 2021ರ ಮೇ 30ರಂದು ಕಾಂದಿವಲಿ ಪಶ್ಚಿಮದ ಒಂದು ದೊಡ್ಡ ವಸತಿ ಸಂಕೀರ್ಣದಲ್ಲಿ ಕೊರೊನಾ ಲಸಿಕೆಯ ಶಿಬಿರ ನಡೆಯಿತು. ಲಸಿಕೆಗೆ ಹಾಹಾಕಾರವಿದ್ದ ಕಾಲ. ದೊಡ್ಡ ಆಸ್ಪತ್ರೆಯ ಪ್ರತಿನಿಧಿ ಎಂದು ಹೇಳಿಕೊಂಡವನ ಮಾತನ್ನು ನಂಬಿ 390 ಮಂದಿ ತಲಾ 1,260 ರೂಪಾಯಿ ಕೊಟ್ಟು ಚುಚ್ಚಿಸಿಕೊಂಡರು. ಫೋಟೋ ತೆಗೆಯಲು ಬಿಡಲಿಲ್ಲ. ಆಮೇಲೆ ನೆರೆಯವರು ತಮ್ಮ ತಮ್ಮಲ್ಲಿ ಕೇಳಿಕೊಂಡರೆ ಯಾರಿಗೂ ಜ್ವರವಿಲ್ಲ, ಮೈಕೈ ನೋವಿಲ್ಲ. ಪ್ರಮಾಣಪತ್ರ ಬಂದಾಗ ಒಬ್ಬರದರಲ್ಲಿ ಒಂದು ಆಸ್ಪತ್ರೆಯ ಹೆಸರು, ಮತ್ತೊಬ್ಬರದರಲ್ಲಿ ಮತ್ತೊಂದು. ಆ ಆಸ್ಪತ್ರೆಗಳು ತಮಗೆ ಇದರ ಸಂಬಂಧವೇ ಇಲ್ಲವೆಂದವು. ಪೊಲೀಸರಲ್ಲಿ ದೂರಾಯಿತು. ಮುಂಬಯಿಯಲ್ಲಿ ಇಂಥ ನಕಲಿ ಶಿಬಿರಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಮೋಸಹೋದರೆಂದು ಹೈಕೋರ್ಟಿನ ಮುಂದೆ ಬಂತು. ಇಲ್ಲಿ ಎರಡು ಮಾತು ಗಮನಿಸಬೇಕು. ಒಬ್ಬನೇ ಇದ್ದವನಿಗೆ ಜ್ವರ ಬಾರದಿದ್ದರೆ ‘ನನ್ನ ದೇಹ ಗಟ್ಟಿ’ ಎಂದು ಸುಮ್ಮನಿರುತ್ತಿದ್ದ. ಮುನ್ನೂರು ಮಂದಿಯ ಅನುಭವ ಒಂದೆಡೆ ಸೇರಿದ್ದರಿಂದ ಮೋಸ ಹೊರಬಿತ್ತು. ಆದರೆ ಮುನ್ನೂರು ಮಂದಿ ಚುಚ್ಚಿಸಿಕೊಂಡದ್ದೂ ‘ಸೊಸೈಟಿಯವರು ನೋಡಿಕೊಂಡಿರುತ್ತಾರೆ’ ಎಂಬ ಅದೇ ಒಗ್ಗಟ್ಟಿನ ಭರವಸೆಯಿಂದ. ಎಲ್ಲರೂ ವಿಚಾರಿಸಿದ್ದಾರೆಂದು ಪ್ರತಿಯೊಬ್ಬರೂ ತಿಳಿದರೆ ಯಾರೂ ವಿಚಾರಿಸಿರುವುದಿಲ್ಲ.

ಕಾನೂನಿನ ಮಾತು ಸ್ವಲ್ಪ. ಅಡ್ಮಿನ್ ಆಗಲು ನಮ್ಮವರು ಹೆದರುತ್ತಾರೆ. ಮುರ್ಕಿಯ ಪ್ರಕರಣದಲ್ಲಿ ಗುಂಪಿನ ಅಡ್ಮಿನ್‌ನನ್ನೂ ಬಂಧಿಸಿದ್ದರು. ಆದರೆ ಸದಸ್ಯನೊಬ್ಬ ಹಾಕಿದ ಅಸಭ್ಯ ಬರಹಕ್ಕೆ, ಇಬ್ಬರ ಸಂಚೆಂದು ತೋರಿಸದ ಹೊರತು, ಅಡ್ಮಿನ್ ಹೊಣೆಯಲ್ಲವೆಂದು ಮುಂಬಯಿ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿದೆ. ಬರೆದವನಂತೂ ಹೊಣೆಯೇ. 2012ರ ನವೆಂಬರಿನಲ್ಲಿ ಪಾಲಘರದ ಇಬ್ಬರು ತರುಣಿಯರನ್ನು, ಬಾಳ ಠಾಕರೆಯವರ ಅಂತ್ಯಯಾತ್ರೆಯ ದಿನದ ಬಂದ್ ಕುರಿತು ಒಬ್ಬಳು ಬರೆದದ್ದಕ್ಕೆ, ಇನ್ನೊಬ್ಬಳು ಅದನ್ನು ಮೆಚ್ಚಿದ್ದಕ್ಕೆ ಬಂಧಿಸಿದ್ದರು. ಆ ಮೇಲೆ ಮೊಕದ್ದಮೆ ಬಿದ್ದುಹೋಯಿತು. ಯಾವ ಕಲಮಿನ ಬಲದಿಂದ ಇಂಥ ಬಂಧನಗಳು ನಡೆಯುತ್ತಿದ್ದವೋ ಆ 66-ಎ ಕಲಮನ್ನು 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ರದ್ದುಪಡಿಸಿತು. ಆದರೆ ಜಾತಿಮತಗಳ ನಡುವೆ ದ್ವೇಷ ಹುಟ್ಟಿಸುವುದು, ಮಾನಹಾನಿ ಮಾಡುವುದು ಇಂದಿಗೂ ಅಪರಾಧವೇ. ‘ನಾನು ಬರೆದದ್ದಲ್ಲ, ದಾಟಿಸಿದ್ದು’ ಎಂಬುದು ಠಾಣೆಯಲ್ಲಿ ಬಹಳ ದೂರ ನಡೆಯುವ ಮಾತಲ್ಲ.

ಸೊಸೈಟಿಯ ಸದಸ್ಯರು ತಿಳಿದಿರಬೇಕಾದ ಇನ್ನೊಂದು: ಗುಂಪಿನಲ್ಲಿ ಹೆಬ್ಬೆರಳು ಎತ್ತಿದ ಚಿತ್ರಗಳನ್ನು ಎಣಿಸಿ ‘ಠರಾವು ಪಾಸಾಯಿತು’ ಎನ್ನುವ ಪದ್ಧತಿ ಕೆಲವು ಕಡೆ ಬೆಳೆದಿದೆ. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯದೆಯ ಕೆಳಗೆ ನಡೆಯುವ ಸೊಸೈಟಿಗಳಿಗೆ ಉಪನಿಯಮಗಳಿವೆ. ವಾರ್ಷಿಕ ಸಭೆಗೆ 14 ದಿನ ಮುಂಚಿತವಾಗಿ ನೋಟೀಸು ಬರಬೇಕು, ಸಭೆ ಕೂಡಬೇಕು, ನಡಾವಳಿ ಬರೆಯಬೇಕು. ಫೋನಿಲ್ಲದ ಮುದುಕರು, ಗುಂಪಿನಿಂದ ಅಡ್ಮಿನ್ ತೆಗೆದುಹಾಕಿದ ಜಗಳಗಂಟರು, ಇಂಗ್ಲಿಷು ಹಿಂದಿ ಓದಲು ತಡವರಿಸುವ ನಮ್ಮ ತಾಯಂದಿರು, ಇವರೆಲ್ಲರಿಗೂ ಆ ಸಭೆಯಲ್ಲಿ ಜಾಗವಿದೆ. ಭಾಷೆಯ ಮಾತು ಬಂದಿತೆಂದು ಹೇಳುತ್ತೇವೆ: ಗುಂಪಿನಲ್ಲಿ ಹಿಂದಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ; ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದಿದವರಿಗೆ ಅದು ಎರಡು ಬೀಗ ಹಾಕಿದ ಪೆಟ್ಟಿಗೆ. ಅವರು ಧ್ವನಿ ಸಂದೇಶವನ್ನೇ ನೆಚ್ಚುತ್ತಾರೆ. ಧ್ವನಿಯಲ್ಲಿ ಬಂದ ಸುಳ್ಳು ಬರಹದ ಸುಳ್ಳಿಗಿಂತ ಗಟ್ಟಿ, ಏಕೆಂದರೆ ಆ ಹೆಂಗಸಿನ ಕಂಠದಲ್ಲಿ ಅಳು ಇರುತ್ತದೆ.

ಹಣದ ಮೋಸಗಳ ಬಗ್ಗೆ ಹಿಂದೆಯೂ ಈ ಪುಟಗಳಲ್ಲಿ ಬರೆದಿದ್ದೇವೆ. ಕಾಣದ ಖೋಲಿಗೆ ಡಿಪಾಜಿಟ್ಟು ಕಳಿಸಬೇಡಿ. ಹಣ ಹೋದರೆ ಆ ಗಳಿಗೆಯಲ್ಲೇ 1930ಕ್ಕೆ ಫೋನು ಮಾಡಿ. ಗಂಟೆ ಕಳೆದಷ್ಟೂ ಹಣ ದೂರ ಹೋಗುತ್ತದೆ.

ಸಂದೇಶವನ್ನು ಓದುವ ಬಗೆಯನ್ನು ಕೊಂಚ ಅಭ್ಯಾಸ ಮಾಡಬೇಕು. ‘ನಾಳೆ ಕಾಂದಿವಲಿಯಲ್ಲಿ ನೀರು ಬರುವುದಿಲ್ಲ’ ಎಂಬುದನ್ನೇ ತೆಗೆದುಕೊಳ್ಳಿ. ಯಾವ ನಾಳೆ? ಸಂದೇಶ ದಾಟುತ್ತ ಹೋದಂತೆ ಅದರ ನಾಳೆಯೂ ದಾಟುತ್ತ ಹೋಗುತ್ತದೆ. ಹೋದ ವರ್ಷದ ನಾಳೆ ಈ ವರ್ಷವೂ ಬರುತ್ತದೆ. ನಗರಪಾಲಿಕೆಯ ಪ್ರಕಟಣೆಯಲ್ಲಿ ತಾರೀಖು ಇರುತ್ತದೆ, ವಾರ್ಡಿನ ಹೆಸರು ಇರುತ್ತದೆ. ನಮ್ಮದು ಆರ್ ದಕ್ಷಿಣ ವಾರ್ಡು. ತಾರೀಖಿಲ್ಲದ ಕಾಗದವನ್ನು ಆಫೀಸಿನಲ್ಲಿ ನಾವು ಫೈಲಿಗೆ ಹಾಕುವುದಿಲ್ಲ. ಇಲ್ಲಿ ಮಾತ್ರ ಏಕೆ ಹಾಕಬೇಕು? ಚಿರತೆಯ ಚಿತ್ರಗಳದೂ ಇದೇ ಕಥೆ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ನಮ್ಮ ಮಗ್ಗುಲಲ್ಲೇ ಇರುವುದರಿಂದ ದಾಮು ನಗರ, ಲೋಖಂಡವಾಲಾ ಕಡೆ ಚಿರತೆ ಬರುವುದು ಸುಳ್ಳಲ್ಲ. ಆದರೆ ಬೇರೆ ಊರಿನ ಹಳೆಯ ಚಿತ್ರವೂ ಅದೇ ಹೆಸರಿನಲ್ಲಿ ಬರುತ್ತದೆ; ಈಗೀಗ ಯಂತ್ರವೇ ಹುಟ್ಟಿಸಿದ ಚಿರತೆಗಳೂ ಬರುತ್ತವೆ. ನಿಜವಾಗಿ ಕಂಡರೆ ಗುಂಪಿಗಿಂತ ಮೊದಲು ಅರಣ್ಯ ಇಲಾಖೆಯ 1926ಕ್ಕೆ ತಿಳಿಸಿ. ಮಳೆ, ನೀರು, ಮರ ಬಿದ್ದದ್ದಕ್ಕೆ ನಗರಪಾಲಿಕೆಯ 1916 ಇದೆ.

ಮನುಷ್ಯನ ಮುಖವಿರುವ ಸಂದೇಶವನ್ನು, ಅದು ಯಾರಿಂದಲೇ ಬರಲಿ, ನಮ್ಮ ಕನ್ನಡದ ಗುಂಪಿನಲ್ಲಿ ಇನ್ನು ಮುಂದೆ ದಾಟಿಸುವುದಿಲ್ಲವೆಂದು ನಾವು ಕಾರ್ಯಕಾರಿ ಸಮಿತಿಯಲ್ಲಿ ನಿಶ್ಚಯಿಸಿದ್ದೇವೆ. ಕಳವಾಗಿದ್ದರೆ ಠಾಣೆಗೆ ಹೋಗಲಿ. ತಪ್ಪು ಸಂದೇಶ ಕಳಿಸಿದವರು ಅದನ್ನು ಅಳಿಸಿ ಸುಮ್ಮನಾಗದೆ, ಕಳಿಸಿದ ಅಷ್ಟೂ ಕಡೆಗೆ ‘ಅದು ತಪ್ಪು, ಆತ ನಮ್ಮವನು’ ಎಂದು ಬರೆಯಬೇಕೆಂಬುದೂ ತೀರ್ಮಾನದಲ್ಲಿದೆ. ಇದಕ್ಕೆ ಇಬ್ಬರು ಸದಸ್ಯರು ಒಪ್ಪಲಿಲ್ಲ; ಹೆಣ್ಣುಮಕ್ಕಳ ಸುರಕ್ಷಿತತೆಗೆ ಚಿತ್ರ ಬೇಕೇ ಬೇಕು ಎಂದರು. ಅವರ ಮಾತನ್ನು ನಡಾವಳಿಯಲ್ಲಿ ಬರೆದುಕೊಂಡಿದ್ದೇವೆ.

ಹುಡುಗ ಈಗ ಬೇರೆ ಕಡೆ ಕ್ಯಾಶಿನಲ್ಲಿ ಕೂರುತ್ತಾನೆ. ಹೆಸರು ಹಾಕದೆ ಬರೆಯಿರಿ ಎಂದು ಒಪ್ಪಿಗೆ ಕೊಟ್ಟವನು ಅವನೇ.

ಯಾರೆಂದರೆ ಅವರು ನಮ್ಮನ್ನು ಗುಂಪಿಗೆ ಸೇರಿಸದಂತೆ ತಡೆಯುವುದು ಹೇಗೆ, ನಂಬರು ತಿಳಿದ ಅಪರಿಚಿತರ ಕಾಟವನ್ನು ನಿಲ್ಲಿಸುವುದು ಹೇಗೆ ಎಂದು ಹೆಂಗಸರು ಅನೇಕರು ಕೇಳಿದ್ದಾರೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರಲ್ಲಿ ಗ್ರೂಪ್ಸ್ ಎಂಬಲ್ಲಿ ಬದಲಿಸಬೇಕು. ಹೇಳುವುದಕ್ಕಿಂತ ತೋರಿಸುವುದು ಸುಲಭ. ರವಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಇಬ್ಬರು ಕಾಲೇಜು ಹುಡುಗಿಯರು ವಾಚನಾಲಯದಲ್ಲಿ ಕುಳಿತು ಕನ್ನಡದಲ್ಲಿ ತೋರಿಸಿಕೊಡುತ್ತಾರೆ. ಫೋನನ್ನು ಮನೆಯಿಂದಲೇ ಚಾರ್ಜ್ ಮಾಡಿಕೊಂಡು ಬನ್ನಿ. ಇಲ್ಲಿರುವುದು ಒಂದೇ ಪ್ಲಗ್ಗು.